ಏಪ್ರಿಲ್‌ನಲ್ಲಿ ಮಲಗಿಸಿದ ಸ್ನೋ ಬ್ಲೋವರ್ ಡಿಸೆಂಬರ್‌ನಲ್ಲಿ ಏಳಬೇಕಾದರೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನ ಹೊರವಲಯದಲ್ಲಿ ಮನೆ ಕೊಂಡಾಗ ಮನೆಯ ಜೊತೆಗೇ ಒಂದು ಹಳೆಯ ಪೆಟ್ರೋಲ್ ಸ್ನೋ ಬ್ಲೋವರ್, ಅಂದರೆ ಬಿದ್ದ ಹಿಮವನ್ನು ಕೊರೆದು ದೂರಕ್ಕೆ ಎಸೆಯುವ ಯಂತ್ರ, ಕೂಡ ನಮ್ಮ ಪಾಲಿಗೆ ಬಂತು. ಫ್ಲಾರಿಡಾಕ್ಕೆ ಹೊರಟಿದ್ದ ಹಿಂದಿನ ಮಾಲೀಕರಿಗೆ ಅದರ ಅಗತ್ಯವಿರಲಿಲ್ಲ. ಆ ಚಳಿಗಾಲವೆಲ್ಲ ಅದು ಎರಡನೆಯ ಎಳೆತಕ್ಕೆ ಚಾಲೂ ಆಗುತ್ತಿತ್ತು. ಹಿಮ ಕರಗಿದ ಮೇಲೆ ಅದನ್ನು ಗ್ಯಾರೇಜಿನ ಮೂಲೆಗೆ ತಳ್ಳಿ, ಹಳೆಯ ಬೆಡ್‌ಶೀಟ್ ಹೊದಿಸಿ, ಮರೆತೆ. ಮುಂದಿನ ಡಿಸೆಂಬರ್‌ನಲ್ಲಿ ಮೊಣಕಾಲುದ್ದ ಹಿಮ ಬಿದ್ದ ಬೆಳಿಗ್ಗೆ ಹಗ್ಗ ಎಳೆಯತೊಡಗಿದೆ. ಐವತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಸಲಿಕೆ ಹಿಡಿದೆ. ರಿಪೇರಿ ಅಂಗಡಿಯಲ್ಲಿ ಮೂರು ವಾರದ ಸರದಿ ಇತ್ತು. ಯಂತ್ರ ಮನೆಗೆ ಮರಳಿದಾಗ ಬಿಲ್ಲಿನಲ್ಲಿ ಒಂದೇ ಸಾಲು: ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಸ್ವಚ್ಛ ಮಾಡಿದ್ದು.

ನಾಚಿಕೆಯಾದದ್ದು ದುಡ್ಡಿಗಲ್ಲ. ಸಾಗರದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ಅಪ್ಪ ಕೆಲಸ ಮುಗಿದ ದಿನವೇ ತೊಳೆದಿಡುತ್ತಿದ್ದರು. ಎಷ್ಟೇ ಕತ್ತಲಾಗಿರಲಿ, ಒಳಗಿನ ದ್ರಾವಣ ಪೂರ್ತಿ ಹೊರಗೆ ಹೋಗುವವರೆಗೆ ನೀರು ಹಾಯಿಸಿಯೇ ಊಟಕ್ಕೆ ಬರುತ್ತಿದ್ದದ್ದು. ಅದನ್ನು ನೋಡಿ ಬೆಳೆದ ನಾನು ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಎಂಟು ತಿಂಗಳು ಮಲಗಿದ್ದೆ.

ಪೆಟ್ರೋಲೂ ಹಳಸುತ್ತದೆ

ಇಲ್ಲಿ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಎಂಜಿನ್ನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಇತ್ತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಕಾರ್ಬೊರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಗಡುವು 30 ದಿನ. ಸ್ನೋ ಬ್ಲೋವರ್ ಮೂಲೆಯಲ್ಲಿ ಕಳೆಯುವುದು ಏಳೆಂಟು ತಿಂಗಳು.

ಮಿನ್ನೆಸೋಟದಲ್ಲಿ ಇರುವವರಿಗೆ ಒಂದು ಸೌಲಭ್ಯವಿದೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಬೇಕೆಂಬ ಕಾನೂನು ಇಲ್ಲಿದ್ದರೂ, ದೋಣಿ, ಹಳೆಯ ಸಂಗ್ರಹದ ಕಾರು ಮತ್ತು ಸಣ್ಣ ಎಂಜಿನ್ನುಗಳಿಗೆಂದು ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲನ್ನು ಹಲವು ಬಂಕುಗಳು ಮಾರುತ್ತವೆ. ಪಂಪಿನ ಮೇಲೆ ನಾನ್-ಆಕ್ಸಿಜನೇಟೆಡ್ ಎಂದು ಬರೆದಿರುತ್ತದೆ. ಬೆಲೆ ಹೆಚ್ಚು. ಒಂದು ಚಳಿಗಾಲಕ್ಕೆ ನನಗೆ ಬೇಕಾಗುವುದು ಕೆಲವೇ ಗ್ಯಾಲನ್ ಆದ್ದರಿಂದ ನಾನು ಕಣ್ಣುಮುಚ್ಚಿ ಕೊಡುತ್ತೇನೆ. ಇದೂ ಹಳಸುತ್ತದೆ, ಆದರೆ ನೀರು ಹೀರುವ ಚಾಳಿ ಇಲ್ಲ. ಶೇಕಡಾ 15ರ ಎಥನಾಲ್ ಇರುವ ಪೆಟ್ರೋಲನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಸಣ್ಣ ಎಂಜಿನ್ನುಗಳಲ್ಲಿ ಅದರ ಬಳಕೆಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನಿಷೇಧಿಸಿದೆ.

ಮಲಗಿಸುವ ದಿನ

ಮಾರ್ಚ್ ಬಿಸಿಲಿಗೆ ಮೋಸಹೋಗಬೇಡಿ, ಇಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ನಾನು ಈ ಕೆಲಸ ಹಿಡಿಯುವುದು ಏಪ್ರಿಲ್ ಕೊನೆಯ ವಾರಾಂತ್ಯದಲ್ಲಿ. ಎಲ್ಲ ಸೇರಿ ಒಂದೂವರೆ ಗಂಟೆ ಸಾಕು. ಯಂತ್ರವನ್ನು ಗ್ಯಾರೇಜಿನಿಂದ ಹೊರಗೆ ತಂದೇ ಚಾಲೂ ಮಾಡಿ. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇಂಧನದ ವಿಷಯದಲ್ಲಿ ಎರಡು ಪಂಥಗಳಿವೆ. ಒಂದು, ಟ್ಯಾಂಕಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಹಳಸದಂತೆ ತಡೆಯುವ ದ್ರವ) ಬೆರೆಸಿದ ತಾಜಾ ಪೆಟ್ರೋಲ್ ತುಂಬಿಸಿ ಇಡುವುದು. ಇನ್ನೊಂದು, ತೊಟ್ಟೂ ಬಿಡದೆ ಖಾಲಿ ಮಾಡುವುದು. ಟ್ಯಾಂಕು ತಗಡಿನದಾದರೆ ಮೊದಲನೆಯದು ಮೇಲು, ಖಾಲಿ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಾಟಲಿಯ ಮೇಲಿನ ಅಳತೆಯಂತೆ ಸ್ಟೆಬಿಲೈಸರ್ ಹಾಕಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ. ಓಡಿಸದಿದ್ದರೆ ಔಷಧಿ ಟ್ಯಾಂಕಿನಲ್ಲೇ ಉಳಿಯುತ್ತದೆ, ರೋಗಿಯಾದ ಕಾರ್ಬೊರೇಟರಿಗೆ ತಲುಪುವುದಿಲ್ಲ. ಹಾಗೆಯೇ, ಆಗಲೇ ಹಳಸಿದ ಪೆಟ್ರೋಲಿಗೆ ಸ್ಟೆಬಿಲೈಸರ್ ಸುರಿದು ಪ್ರಯೋಜನವಿಲ್ಲ, ಒಡೆದ ಹಾಲನ್ನು ಫ್ರಿಜ್ಜಿನಲ್ಲಿಟ್ಟ ಹಾಗೆ.

ನನ್ನದು ಪ್ಲಾಸ್ಟಿಕ್ ಟ್ಯಾಂಕು, ನನ್ನದು ಎರಡನೆಯ ಪಂಥ. ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಿಂದ ಕ್ಯಾನಿಗೆ ಎಳೆದುಕೊಳ್ಳುತ್ತೇನೆ. ಅದು ಎರಡು ಮೂರು ವಾರದ ಹಿಂದಿನದಾಗಿದ್ದು, ಆಯಿಲ್ ಬೆರೆಸದ್ದಾಗಿದ್ದರೆ ಬಹುಪಾಲು ತುಂಬಿದ ಕಾರಿನ ಟ್ಯಾಂಕಿಗೆ ಸುರಿದುಬಿಡಬಹುದು. ಬಣ್ಣ ಕಂದಾಗಿದ್ದರೆ, ಹುಳಿ ವಾಸನೆ ಬಂದರೆ ಚರಂಡಿಗಾಗಲಿ ಹುಲ್ಲಿಗಾಗಲಿ ಸುರಿಯಬೇಡಿ, ನಿಮ್ಮ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ನಂತರ ಎಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ನಿಲ್ಲುವ ಹೊತ್ತಿಗೆ ಚೋಕ್ ಎಳೆದರೆ ಇನ್ನೊಂದಿಷ್ಟು ಹೀರಿಕೊಳ್ಳುತ್ತದೆ. ಇಷ್ಟಾದರೂ ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಒಂದೆರಡು ಚಮಚ ಉಳಿದೇ ಇರುತ್ತದೆ. ಡಿಸೆಂಬರ್‌ನಲ್ಲಿ ಕೈಕೊಡುವುದು ಆ ಒಂದೆರಡು ಚಮಚವೇ. ಎಂಜಿನ್ ತಣಿದ ಮೇಲೆ ಬಟ್ಟಲಿನ ಅಡಿಯ ತಿರುಪು ಸಡಿಲಿಸಿ, ಬಟ್ಟೆ ಹಿಡಿದು, ಅದನ್ನೂ ಇಳಿಸಿಬಿಡಿ.

ಆಯಿಲನ್ನು ಎಂಜಿನ್ ಬೆಚ್ಚಗಿರುವಾಗಲೇ ಬದಲಿಸಬೇಕು, ಆಗ ಕೊಳೆಯೂ ಜೊತೆಗೆ ಹರಿದು ಬರುತ್ತದೆ. ಬಳಸಿದ ಆಯಿಲಿನಲ್ಲಿ ಆಮ್ಲದ ಅಂಶವಿರುತ್ತದೆ, ಅದನ್ನು ಬೇಸಿಗೆಯಿಡೀ ಒಳಗೆ ಬಿಡುವುದು ಒಳ್ಳೆಯದಲ್ಲ. ಚಳಿಯಲ್ಲಿ ಓಡುವ ನಾಲ್ಕು ಹೊಡೆತದ (ಫೋರ್-ಸ್ಟ್ರೋಕ್) ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹೇಳುವುದು 5ಡಬ್ಲ್ಯೂ-30 ದರ್ಜೆ. ಎಷ್ಟು ಹಾಕಬೇಕೆಂಬುದನ್ನು ಅಳತೆಕಡ್ಡಿಯೇ ಹೇಳುತ್ತದೆ, ಅದರ ಮಾತು ಕೇಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರಕ್ಕೆ ಒಂದು ಟೀ ಚಮಚ ಆಯಿಲ್ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ, ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆಯಿರಿ. ಸಿಲಿಂಡರಿನ ಒಳಮೈಗೆ ಎಣ್ಣೆ ಸವರಿದಂತಾಗುತ್ತದೆ. ಪ್ಲಗ್ ಮತ್ತೆ ಕೂಡಿಸಿ, ಹಗ್ಗ ಬಿಗಿಯೆನಿಸುವವರೆಗೆ ಎಳೆದು ನಿಲ್ಲಿಸಿ. ಆ ಸ್ಥಿತಿಯಲ್ಲಿ ಎರಡೂ ವಾಲ್ವುಗಳು ಮುಚ್ಚಿರುತ್ತವೆ, ತೇವ ಒಳಗೆ ಹೋಗುವುದಿಲ್ಲ. ಏರ್ ಫಿಲ್ಟರ್ ಎಲ್ಲಿದೆ ಎಂದು ಹುಡುಕಿ ನಾನು ಒಮ್ಮೆ ಅರ್ಧ ಗಂಟೆ ಹಾಳುಮಾಡಿದ್ದೆ. ಬಹುತೇಕ ಸ್ನೋ ಬ್ಲೋವರ್‌ಗಳಿಗೆ ಅದು ಇರುವುದೇ ಇಲ್ಲ. ಹಿಮದ ಮೇಲೆ ಧೂಳು ಏಳುವುದಿಲ್ಲ, ಫಿಲ್ಟರ್ ಇದ್ದರೆ ಹಿಮವೇ ಅಂಟಿ ಗಾಳಿ ಕಟ್ಟುತ್ತದೆ.

ಬಹಳ ಜನ ಬಿಟ್ಟುಬಿಡುವ ಕೆಲಸವೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಹಿಮ ಕೊರೆಯುವ ಸುರುಳಿಗೆ ಆಗರ್ ಎನ್ನುತ್ತಾರೆ. ಎರಡು ಹಂತದ ಯಂತ್ರಗಳಲ್ಲಿ ಆಗರ್ ಹಿಮವನ್ನು ಮಧ್ಯಕ್ಕೆ ತಳ್ಳುತ್ತದೆ, ಹಿಂದಿರುವ ಇಂಪೆಲ್ಲರ್ ಎಂಬ ಚಕ್ರ ಅದನ್ನು ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಎಡ, ಬಲದ ಆಗರ್‌ಗಳು ನಡುವಿನ ದಂಡಕ್ಕೆ ಅಂಟಿಕೊಂಡಿಲ್ಲ, ಒಂದೊಂದು ಶಿಯರ್ ಪಿನ್ ಅವನ್ನು ಹಿಡಿದಿರುತ್ತದೆ. ಕಲ್ಲೋ ಮಂಜುಗಡ್ಡೆಯೋ ಹಿಮದಡಿ ಹೂತ ಪೇಪರಿನ ಕಟ್ಟೋ ಸಿಕ್ಕಿಕೊಂಡರೆ ಪಿನ್ ತಾನು ಮುರಿದು ಗೇರ್ ಬಾಕ್ಸನ್ನು ಉಳಿಸುತ್ತದೆ. ಆದರೆ ಆಗರ್ ದಂಡಕ್ಕೇ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಪಿನ್ ಮುರಿದರೂ ಆಗರ್ ಸಡಿಲವಾಗುವುದಿಲ್ಲ, ಪೆಟ್ಟು ನೇರ ಗೇರಿಗೆ ಬೀಳುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮೊದಲು ಪ್ಲಗ್ಗಿನ ತಂತಿ ಕಳಚಿಟ್ಟು, ಪಿನ್ನುಗಳನ್ನು ತೆಗೆದು, ಗ್ರೀಸ್ ಗನ್ನಿನಿಂದ ದಂಡಕ್ಕೆ ಗ್ರೀಸ್ ತುಂಬಿಸಿ, ಆಗರ್‌ಗಳನ್ನು ಕೈಯಿಂದ ಸುತ್ತಿ ನೋಡಿ. ಸಲೀಸಾಗಿ ತಿರುಗಬೇಕು. ಮುರಿದ ಪಿನ್ನಿನ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕ ಗಟ್ಟಿ ಬೋಲ್ಟ್ ಹಾಕುವ ಜಾಣರಿದ್ದಾರೆ. ಅದು ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತಿದ ಹಾಗೆ.

ಉಳಿದದ್ದು ಚಿಕ್ಕಪುಟ್ಟದು. ರಸ್ತೆಯ ಉಪ್ಪನ್ನು ತೊಳೆದು ಒಣಗಿಸಿ, ಬಣ್ಣ ಹೋದಲ್ಲಿ ಬಣ್ಣ ಹಚ್ಚಿ, ಕೊಳವೆಯ ಒಳಮೈಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಬೆಲ್ಟುಗಳ ಮೇಲೆ ಮತ್ತು ಚಕ್ರಕ್ಕೆ ಚಲನೆ ಕೊಡುವ ರಬ್ಬರ್ ಬಿಲ್ಲೆಯ ಮೇಲೆ ಎಣ್ಣೆಯ ಹನಿಯೂ ಬೀಳದಿರಲಿ. ಕೀಲಿ ತೆಗೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಪೆಟ್ರೋಲ್ ಇರುವ ಯಂತ್ರವನ್ನಾಗಲಿ ಕ್ಯಾನನ್ನಾಗಲಿ ನೀರು ಕಾಯಿಸುವ ಬಾಯ್ಲರಿನಂಥ ಉರಿಯಿರುವ ಜಾಗದ ಬಳಿ, ಮುಖ್ಯವಾಗಿ ಬೇಸ್‌ಮೆಂಟಿನಲ್ಲಿ, ಇಡಲೇಬೇಡಿ.

ಅಕ್ಟೋಬರ್‌ನಲ್ಲಿ ಒಮ್ಮೆ ಎಬ್ಬಿಸಿ

1991ರ ಅಕ್ಟೋಬರ್ 31ರಂದು, ಮಕ್ಕಳು ವೇಷ ಹಾಕಿ ಮಿಠಾಯಿ ಕೇಳಲು ಹೊರಟ ದಿನವೇ ಶುರುವಾದ ಹಿಮ ನವೆಂಬರ್ 3ರ ಹೊತ್ತಿಗೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ 28.4 ಇಂಚು ಬಿದ್ದಿತ್ತು. ಇಲ್ಲಿನ ಹಳಬರು ಈಗಲೂ ಅದನ್ನು ಹೇಳುತ್ತಾರೆ. ಹಾಗಾಗಿ ಅಕ್ಟೋಬರ್ ಮಧ್ಯಕ್ಕೇ ಇಲಿ ಗೂಡು ಕಟ್ಟಿದೆಯೇ, ಚಕ್ರದಲ್ಲಿ ಗಾಳಿ ಇದೆಯೇ, ಚಾಲೂ ಮಾಡುವ ಮುನ್ನ ಒತ್ತಿ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪ್ರೈಮರಿನ ರಬ್ಬರ್ ಗುಂಡಿ ಬಿರುಕು ಬಿಟ್ಟಿದೆಯೇ ನೋಡಿ, ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸಿ. ಹೊಸದು ಎಂದರೆ ಆ ತಿಂಗಳು ಕೊಂಡದ್ದು. ಜುಲೈಯಲ್ಲಿ ಹುಲ್ಲು ಕತ್ತರಿಸಲು ತಂದದ್ದಲ್ಲ, ಬೇಸಿಗೆಯ ಪೆಟ್ರೋಲ್ ಬಿಸಿಲಿಗೆ ಹೆಚ್ಚು ಆವಿಯಾಗದಂತೆ ತಯಾರಾಗಿರುತ್ತದೆ, ಹಾಗಾಗಿ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ. ಆಗರ್ ಕೂತಿರುವ ತಗಡಿನ ಗೂಡಿನ ಎರಡೂ ಬದಿಯ ಜಾರುಪಟ್ಟಿಗಳನ್ನು ನಿಮ್ಮ ನೆಲಕ್ಕೆ ತಕ್ಕಂತೆ ಹೊಂದಿಸಿ. ಕಾಂಕ್ರೀಟಾದರೆ ಕೆಳಗಿನ ಅಲಗಿಗೂ ನೆಲಕ್ಕೂ ಸುಮಾರು 3 ಮಿಲಿಮೀಟರ್ ಅಂತರ ಸಾಕು. ಜಲ್ಲಿಯಾದರೆ ಇನ್ನೂ ಮೇಲೆತ್ತಿ, ಇಲ್ಲದಿದ್ದರೆ ಪಕ್ಕದ ಮನೆಯ ಕಿಟಕಿಗೆ ಕಲ್ಲು ಎಸೆದ ಕೀರ್ತಿ ನಿಮ್ಮದಾಗುತ್ತದೆ.

ಚಾಲೂ ಆಗದಿದ್ದರೆ

ಮೊದಲು ಮುಜುಗರದ ಕಾರಣಗಳನ್ನು ನೋಡಿ. ಕೀಲಿ ಪೂರ್ತಿ ಒಳಗಿದೆಯೇ? ಇಂಧನದ ಕವಾಟ ತೆರೆದಿದೆಯೇ? ವೇಗದ ಸನ್ನೆ ಮೊಲದ ಚಿತ್ರದ ಕಡೆಗಿದೆಯೇ? ಚೋಕ್ ಪೂರ್ತಿ ಮುಚ್ಚಿದೆಯೇ? ಪ್ರೈಮರ್ ಎರಡು ಮೂರು ಸಲ ಒತ್ತಿದಿರಾ? ಕವಾಟ ತೆರೆಯದೆ ನಾನು ಹಗ್ಗ ಎಳೆದದ್ದು ಒಂದು ಸಲವಲ್ಲ.

ಇವೆಲ್ಲ ಸರಿಯಿದ್ದು ಹತ್ತು ಎಳೆತಕ್ಕೂ ಸದ್ದಿಲ್ಲವಾದರೆ ಭುಜಕ್ಕೆ ಬಿಡುವು ಕೊಟ್ಟು ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಹಾರುತ್ತಿಲ್ಲ ಅಥವಾ ಚೋಕ್ ಹೆಚ್ಚಾಗಿ ಎಂಜಿನ್ ಮುಳುಗಿದೆ. ಒರೆಸಿ ಒಣಗಿಸಿ, ಕಾಲು ಗಂಟೆ ಬಿಟ್ಟು ಚೋಕ್ ಇಲ್ಲದೆ ಎಳೆಯಿರಿ. ಆಗಲೂ ಇಲ್ಲವೆಂದರೆ ಹೊಸ ಪ್ಲಗ್ ಹಾಕಿ, ಅದು ಕೆಲವೇ ಡಾಲರಿನ ವಸ್ತು. ತುದಿ ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಖಾತ್ರಿ ಬೇಕಿದ್ದರೆ ಪ್ಲಗ್ಗಿನ ರಂಧ್ರಕ್ಕೆ ಕೆಲವು ಹನಿ ತಾಜಾ ಪೆಟ್ರೋಲ್ ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗನ್ನೂ ತಂತಿಯನ್ನೂ ಜೋಡಿಸಿ ಎಳೆಯಿರಿ. ಎರಡು ಕ್ಷಣ ಗುಡುಗಿ ನಿಂತರೆ ಸಂಶಯ ಬೇಡ, ಕಾರ್ಬೊರೇಟರ್ ಕಟ್ಟಿದೆ.

ಅದನ್ನು ಬಿಚ್ಚಲು ಹೆದರಬೇಕಾಗಿಲ್ಲ. ಕವಾಟ ಮುಚ್ಚಿ. ಕಾರ್ಬೊರೇಟರನ್ನು ಬೆಚ್ಚಗಿಡಲು ಸುತ್ತ ಒಂದು ತಗಡಿನ ಮುಚ್ಚಳ ಇರುತ್ತದೆ, ಅದರ ತಿರುಪುಗಳನ್ನು ತೆಗೆದು ಚೋಕಿನ ಗುಬ್ಬಿ ಎಳೆದರೆ ಮುಚ್ಚಳ ಕೈಗೆ ಬರುತ್ತದೆ. ಈಗ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಯಾವ ಸ್ಪ್ರಿಂಗ್ ಯಾವ ರಂಧ್ರದಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ಅಡಿಯ ಬೋಲ್ಟ್ ತಿರುಗಿಸಿದರೆ ಬಟ್ಟಲು ಕಳಚುತ್ತದೆ. ಒಳಗೆ ಹಸಿರು ಪುಡಿ ಅಥವಾ ಜೇನಿನಂಥ ಅಂಟು ಕಂಡರೆ ಕಳ್ಳ ಸಿಕ್ಕಂತೆ. 2008ರಲ್ಲಿ ತಯಾರಿಕೆ ನಿಂತರೂ ಇಂದಿಗೂ ಓಡುತ್ತಿರುವ ಟೆಕಮ್ಸೆ ಎಂಜಿನ್ನುಗಳ ಹಲವು ಮಾದರಿಗಳಲ್ಲಿ ಆ ಬೋಲ್ಟೇ ಮುಖ್ಯ ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ರಂಧ್ರವಿರುವ ಭಾಗ. ಅದರ ಪಕ್ಕದಲ್ಲಿ ಸೂಕ್ಷ್ಮವಾಗಿ ನೋಡಿದರಷ್ಟೇ ಕಾಣುವ ಇನ್ನೊಂದು ರಂಧ್ರವಿದೆ. ಬಹಳ ಜನ ದೊಡ್ಡದನ್ನು ಮಾತ್ರ ತೆರವು ಮಾಡಿ, ಇನ್ನೂ ಸರಿಯಾಗಲಿಲ್ಲ ಎಂದು ಕೊರಗುತ್ತಾರೆ. ವಿದ್ಯುತ್ ತಂತಿಯಿಂದ ತೆಗೆದ ತಾಮ್ರದ ಒಂದೇ ಎಳೆಯನ್ನು ತೂರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಬೆಳಕಿಗೆ ಹಿಡಿದು ಆಚೆ ಬದಿ ಕಾಣುವುದೇ ನೋಡಿ. ಸೂಜಿ, ಡ್ರಿಲ್ಲಿನ ಕಡ್ಡಿ ಬೇಡ. ರಂಧ್ರ ಒಂದು ಕೂದಲೆಳೆ ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ರಬ್ಬರ್ ಉಂಗುರ ತನ್ನ ಜಾಗದಲ್ಲಿ ಕುಳಿತಿದೆಯೆಂದು ನೋಡಿ ಬಟ್ಟಲು ಏರಿಸಿ, ಕವಾಟ ತೆರೆದು ಐದು ನಿಮಿಷ ಸೋರಿಕೆಗಾಗಿ ಕಾಯಿರಿ. ಎರಡು ಸಲ ತೊಳೆದರೂ ಬಗ್ಗದಿದ್ದರೆ ಹೊಸ ಕಾರ್ಬೊರೇಟರ್ ತರಿಸಿ. ಹಲವು ಮಾದರಿಗಳಿಗೆ ಅದು ಅಂಗಡಿಯ ಕೂಲಿಗಿಂತ ಅಗ್ಗ.

ಚಾಲೂ ಆಗಿ ಏದುಸಿರು ಬಿಟ್ಟಂತೆ ಏರಿಳಿಯುತ್ತಿದ್ದು, ಅರ್ಧ ಚೋಕಿನಲ್ಲಿ ಮಾತ್ರ ಸಮನಾಗಿ ಓಡಿದರೆ ಅದೂ ಇದೇ ಕಾಯಿಲೆ, ಇನ್ನೂ ಪೂರ್ತಿ ಕಟ್ಟಿಲ್ಲ ಅಷ್ಟೆ. ಹತ್ತು ನಿಮಿಷ ಚೆನ್ನಾಗಿ ಓಡಿ ಸುಮ್ಮನೆ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಮತ್ತೆ ಓಡಿದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ ಎಂದರ್ಥ.

ಎಂಜಿನ್ ಓಡುತ್ತದೆ, ಹಿಮ ಹಾರುವುದಿಲ್ಲ

ಆಗರ್‌ನ ಒಂದೇ ಬದಿ ತಿರುಗುತ್ತಿದ್ದರೆ ಶಿಯರ್ ಪಿನ್ ಹೋಗಿದೆ. ಆಗರ್, ಇಂಪೆಲ್ಲರ್ ಎರಡೂ ನಿಂತಿದ್ದರೆ ಬೆಲ್ಟ್ ಹರಿದಿರಬೇಕು ಅಥವಾ ಸನ್ನೆಯ ಕೇಬಲ್ ಸಡಿಲವಾಗಿರಬೇಕು. ತಿರುಗುತ್ತದೆ, ಭಾರ ಬಿದ್ದಾಗ ಸೋಲುತ್ತದೆ, ಸುಟ್ಟ ರಬ್ಬರ್ ವಾಸನೆ ಬರುತ್ತದೆ ಎಂದರೆ ಬೆಲ್ಟ್ ಜಾರುತ್ತಿದೆ. ಎಂಜಿನ್ ಶುರುವಿನಲ್ಲೇ ಇಂಪೆಲ್ಲರ್ ಅಲುಗದಿದ್ದರೆ ನಿನ್ನೆಯ ಹಿಮ ಒಳಗೆ ಗಡ್ಡೆಕಟ್ಟಿದೆ. ಬಲವಂತ ಮಾಡಿದರೆ ಬೆಲ್ಟ್ ಸುಡುತ್ತದೆ, ಬೆಚ್ಚಗಿನ ಜಾಗದಲ್ಲಿಟ್ಟು ಕರಗಿಸಿ. ಇದಾಗದಿರಲು ಕೆಲಸ ಮುಗಿದ ಮೇಲೆ ಒಂದೆರಡು ನಿಮಿಷ ಖಾಲಿ ತಿರುಗಿಸಿ, ಎಂಜಿನ್ ನಿಲ್ಲಿಸಿ, ಹಗ್ಗವನ್ನೂ ಮೂರು ಸಲ ಎಳೆದಿಡಿ. ಯಂತ್ರ ಮುಂದಕ್ಕೆ ಹೋಗದೆ ಒಂದೇ ಚಕ್ರ ತಿರುಗುತ್ತಿದ್ದರೆ ಇನ್ನೊಂದು ಚಕ್ರದ ಪಿನ್ ಬಿದ್ದಿದೆಯೇ ನೋಡಿ. ಎರಡೂ ನಿಂತಿದ್ದರೆ ರಬ್ಬರ್ ಬಿಲ್ಲೆ ಸವೆದಿರಬಹುದು. ಅದನ್ನು ನೋಡಲು ಪೆಟ್ರೋಲ್ ಖಾಲಿ ಮಾಡಿ ಯಂತ್ರವನ್ನು ಮೂತಿಯ ಮೇಲೆ ನಿಲ್ಲಿಸಿ, ಅಡಿಯ ತಗಡು ತೆಗೆಯಬೇಕು.

ರಸ್ತೆಯ ಹಿಮವನ್ನು ಪಕ್ಕಕ್ಕೆ ತಳ್ಳುವ ಸಿಟಿಯ ನೇಗಿಲುಗಾಡಿ ಹೋದ ಮೇಲೆ ಡ್ರೈವ್‌ವೇ ಬಾಯಿಗೆ ಬೀಳುವ ಗೋಡೆಯಂಥ ಒದ್ದೆ ಹಿಮದಲ್ಲಿ ಎಂಥ ಯಂತ್ರದ ಕೊಳವೆಯೂ ಕಟ್ಟುತ್ತದೆ. ಅರ್ಧ ಅಗಲ ಮಾತ್ರ ತಿನ್ನಿಸಿ, ಎಂಜಿನ್ ಪೂರ್ತಿ ವೇಗದಲ್ಲಿರಲಿ, ನಡಿಗೆ ನಿಧಾನವಿರಲಿ.

ಕಟ್ಟಿದ ಕೊಳವೆಗೆ ಕೈ ಹಾಕಬೇಡಿ. ಎಂಜಿನ್ ನಿಂತಿದ್ದರೂ ಹಾಕಬೇಡಿ. ಬಿಗಿದ ಬೆಲ್ಟಿನಲ್ಲಿ ಉಳಿದ ಸೆಳೆತ, ಸಿಕ್ಕಿಕೊಂಡ ಹಿಮ ಸಡಿಲವಾದ ಕೂಡಲೇ, ಇಂಪೆಲ್ಲರನ್ನು ಅರ್ಧ ಸುತ್ತು ತಿರುಗಿಸಬಲ್ಲದು. ಬೆರಳಿಗೆ ಅಷ್ಟೇ ಸಾಕು. ಅಮೆರಿಕದಲ್ಲಿ ವರ್ಷಕ್ಕೆ ಸಾವಿರಾರು ಜನ ಸ್ನೋ ಬ್ಲೋವರ್ ಗಾಯಗಳಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ, ಕೈ ಮತ್ತು ಬೆರಳಿನ ಗಾಯಗಳೇ ಅದರಲ್ಲಿ ದೊಡ್ಡ ಪಾಲು. ದಪ್ಪ ಗ್ಲೌಸ್ ರಕ್ಷಣೆಯಲ್ಲ, ಅದೇ ಮೊದಲು ಸಿಕ್ಕಿಕೊಂಡು ಕೈಯನ್ನು ಎಳೆಯುತ್ತದೆ. ಸನ್ನೆಗಳನ್ನು ಬಿಡಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ, ಎಲ್ಲ ನಿಂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಯಂತ್ರದ ಜೊತೆ ಬಂದ ಪ್ಲಾಸ್ಟಿಕ್ ಕೋಲಿನಿಂದ ಹಿಮ ಬಿಡಿಸಿ. ಕೋಲು ಕಳೆದಿದ್ದರೆ ಪೊರಕೆಯ ಹಿಡಿ ಆದೀತು.

ನನ್ನ ಯಂತ್ರದ ಹಿಡಿಕೆಗೆ ಒಂದು ಹಳೆಯ ಉಪ್ಪಿನಕಾಯಿ ಡಬ್ಬಿ ಕಟ್ಟಿದ್ದೇನೆ. ಅದರಲ್ಲಿ ನಾಲ್ಕು ಶಿಯರ್ ಪಿನ್, ಒಂದು ಪ್ಲಗ್, ಪ್ಲಗ್ ತೆಗೆಯುವ ಸ್ಪ್ಯಾನರ್, ಮತ್ತು ಟ್ಯಾಂಕು ಖಾಲಿ ಮಾಡಿದ ದಿನಾಂಕ ಬರೆದ ಚೀಟಿ ಇವೆ. ಮುಚ್ಚಳ ತೆಗೆದರೆ ಇನ್ನೂ ಮಿಡಿ ಮಾವಿನ ವಾಸನೆ.